ಉಸಿರೇ ಎಳೆಯದ ಕ್ಲಾರಿನೆಟ್

ಬ್ರಹ್ಮಾವರದ ಬಸ್ ಸ್ಟ್ಯಾಂಡಿನ ಹತ್ತಿರ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಉಲ್ಲಾಸನ ರೆಕಾರ್ಡಿಂಗ್ ಸ್ಟುಡಿಯೋ. ಭಜನೆ, ಮದುವೆ ವಿಡಿಯೋದ ಹಾಡು, ಚಿನ್ನದಂಗಡಿಯ ಜಾಹೀರಾತು, ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ವಾದ್ಯದವರು ಮಾತ್ರ ಒಬ್ಬರೂ ಇರಲಿಲ್ಲ. ಇದ್ದದ್ದು ಒಂದು ಕೀಬೋರ್ಡ್. ಕೊಳಲು, ಪಿಟೀಲು, ತಬಲ ಏನು ಬೇಕಾದರೂ ಅದರ ಹೊಟ್ಟೆಯಿಂದಲೇ ಬರಬೇಕು. ಕೇಳಿದವರಿಗೆ ಉಲ್ಲಾಸ, "ಮಂಗಳೂರಿಂದ ಜನ ಕರ್ಸಿದ್ದೆ" ಎನ್ನುತ್ತಿದ್ದ. ಯಾರಿಗೂ ಮೋಸ ಮಾಡುವ ಉದ್ದೇಶ ಅವನಿಗಿರಲಿಲ್ಲ. ಬಾಯಿ ತೆರೆದರೆ ಸುಳ್ಳೇ ಮೊದಲು ಹೊರಗೆ ಬೀಳುತ್ತಿತ್ತು, ಅಷ್ಟೆ.

ಅಲ್ಲಿಗೆ ಒಂದು ದಿನ ದಿವ್ಯಾ ಬಂದಳು. ಕೋಟದಲ್ಲಿ ಅಪ್ಪನ ಹೋಟೆಲನ್ನು ಈಗ ಅವಳೇ ನೋಡಿಕೊಳ್ಳುತ್ತಿದ್ದಳು. ಕುಂದಾಪ್ರ ಕನ್ನಡದಲ್ಲಿ ಒಂದು ಪ್ರೀತಿಯ ಹಾಡು ಬರೆದು, ರಾಗವನ್ನೂ ಹಾಕಿಕೊಂಡಿದ್ದಳು. ಅಪ್ಪ ಮುಂಬಯಿಯಲ್ಲಿ ಹೋಟೆಲ್ ಇಟ್ಟಿದ್ದಾಗ ಗಲ್ಲಾದ ಪಕ್ಕದಲ್ಲಿ ಹಳೆಯ ಇಂಗ್ಲಿಷ್ ಪಾಪ್ ಹಾಡುಗಳ ಕ್ಯಾಸೆಟ್ ಹಾಕುತ್ತಿದ್ದರಂತೆ. ಕಿರುಚಾಟದವಲ್ಲ, ಮೆತ್ತನೆಯ ದನಿಯವು. ಒಂದು ಗಿಟಾರ್, ಡ್ರಮ್ಮಿನ ಮೇಲೆ ಬ್ರಶ್ ಸವರಿದ ಸದ್ದು, ಮೇಲೆ ಒಂದು ಕಂಠ.

"ಆ ಹಾಡಂಗ್ ಎರಡ್ನೇ ಚರಣ ಮುಗ್ದ್ ಕೂಡ್ಲೆ ಒಂದ್ ಕ್ಲಾರಿನೆಟ್ ಬತ್ತಿತ್ ಉಲ್ಲಾಸಣ್ಣ," ಎಂದಳು. "ಬಾಗ್ಲ್ ತಟ್ದೆ ಒಳಗ್ ಬಂದ್, ಹತ್ರ ಕೂಕಂಡ್ ಮಾತಾಡ್ದಾಂಗೆ. ನನ್ ಹಾಡಿಗೂ ಹಾಂಗೇ ಬೇಕ್. ಕೀಬೋರ್ಡಿಂದ್ ಬ್ಯಾಡ, ನಿಜದ್ದೇ ಆಯ್ಕ್."

"ಅದ್ಕೆಂತ! ಬೈಂದೂರಂಗೆ ಮಂಜಯ್ಯ ಅಂದೇಳಿ ಒಬ್ರ್ ಇದ್ರ್. ಮುಂಬೈಯಂಗ್ ದೊಡ್ಡ ದೊಡ್ಡ ರೆಕಾರ್ಡಿಂಗಿಗೆ ಊದ್ದವ್ರ್. ನಾಚ್ಕಿ ಸ್ವಭಾವ, ಯಾರೂ ಇಲ್ದಾಗ್ಳೇ ಊದುದ್."

ಅಂಥ ಮಂಜಯ್ಯ ಬೈಂದೂರಿನಲ್ಲಷ್ಟೇ ಅಲ್ಲ, ಎಲ್ಲಿಯೂ ಇರಲಿಲ್ಲ. ದಿವ್ಯಾ ಹಾಡಿ ಹೋದ ಮೇಲೆ ಉಲ್ಲಾಸ ಕೀಬೋರ್ಡಿನಲ್ಲಿ ಕ್ಲಾರಿನೆಟ್ಟಿನ ಗುಂಡಿ ಒತ್ತಿದ, ಚಹಾ ಆರುವುದರೊಳಗೆ ಕೆಲಸ ಮುಗಿಸಿದ.

ವಾರ ಬಿಟ್ಟು ಬಂದ ದಿವ್ಯಾ ಕಣ್ಣು ಮುಚ್ಚಿ ಕೇಳಿದಳು.

"ಚೆಂದ ಇತ್ತ್. ಆರೆ ಉಲ್ಲಾಸಣ್ಣ, ಇವ್ರ್ ಉಸ್ರೇ ಎಳುದಿಲ್ಯಲೆ?"

ಈ ಪ್ರಶ್ನೆಯನ್ನು ಉಲ್ಲಾಸ ಎಣಿಸಿರಲಿಲ್ಲ. ಆದರೆ ಬಾಯಿ ಅವನ ಕೈಬಿಡಲಿಲ್ಲ. "ಸಣ್ಣದಿಪ್ಪಾಗ ಹೊಳಿಯಂಗ್ ಮುಳ್ಗಿ ಚಿಪ್ಪ್ ಹೆಕ್ತಿದ್ರ್. ಅದೇ ಅಭ್ಯಾಸ."

"ಹೌದಾ!" ದಿವ್ಯಾ ಕಣ್ಣರಳಿಸಿದಳು. "ಹಾಂಗಾರೆ ಅವ್ರಿಗ್ ಶಾಲ್ ಹೊದ್ಸದೆ ಬಿಡುಕಾತಿಲ್ಲೆ. ಹಾಡ್ ಹೊರಗ್ ಬಿಡು ಮುಂಚೆ ನಮ್ ಹೋಟ್ಲಂಗ್ ಒಂದ್ ಸಣ್ಣ ಕಾರ್ಯಕ್ರಮ ಮಾಡ್ವ. ಕರ್ಕಂಡ್ ಬನಿ. ಎಲ್ಲರ್ ಎದ್ರೇ ಊದ್ಲಿ."

ಮರುದಿನವೇ ಉಲ್ಲಾಸ ಬೈಂದೂರಿಗೆ ಓಡಿದ. ಅಲ್ಲಿ ಅವನ ತಾಯಿಯ ತಮ್ಮ ಕುಷ್ಟ ಮಾಮ ಇದ್ದರು. ಈಗ ಮೀನಿನ ವ್ಯಾಪಾರವಾದರೂ ಹಿಂದೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಅಟ್ಟದಿಂದ ವಾದ್ಯ ಇಳಿಸಿ, ಧೂಳು ಕೊಡವಿ ಒಮ್ಮೆ ಊದಿದರು. ಅಂಗಳದ ಕೋಳಿಗಳು ಬೇಲಿ ಹಾರಿದವು. ದಿಬ್ಬಣದಲ್ಲಿ ಗರ್ನಾಲು ಪಟಾಕಿಯ ಸದ್ದಿನ ನಡುವೆ ಕೇಳಿಸಬೇಕೆಂದು ಕಲಿತ ಊದುವಿಕೆ ಅದು.

"ಮಾಮ, ನೀವ್ ಊದುದೇ ಬ್ಯಾಡ. ಬಾಯಿಗಿಟ್ಕಂಡ್ ಬೆರ್ಳ್ ಆಡ್ಸಿ ಸಾಕ್. ಶಬ್ದ ಲ್ಯಾಪ್‌ಟಾಪಿಂದ ಬತ್ತ್. ಮತ್ತೆ, ಅಲ್ಲಿ ನಿಮ್ ಹೆಸ್ರ್ ಮಂಜಯ್ಯ."

ಕುಷ್ಟ ಮಾಮ ಕ್ಲಾರಿನೆಟ್ಟನ್ನು ತೊಡೆಗೆ ಒರೆಸಿದರು. "ಇಷ್ಟ್ ವರ್ಷ ಊದಿ ಊದಿ ಸತ್ರೂ ಒಂದ್ ಹೂ ಕೊಟ್ಟವ್ರಿಲ್ಲೆ. ಈಗ ಊದದೇ ಶಾಲ್ ಸಿಕ್ಕತ್ ಅಂದ್ರೆ ಬಿಡುಕಾತ್ತಾ ಮಾಣಿ? ಬತ್ತೆ."

ಹೋಟೆಲಿನ ಮಾಳಿಗೆ ಹಾಲಿನಲ್ಲಿ ಸಂಜೆಯ ಹೊತ್ತಿಗೆ ಜನ ತುಂಬಿದರು. ದಿವ್ಯಾ ಹಾಡತೊಡಗಿದಳು. ಅಡಿಗೆಯ ರತೀಶ ಬೈಂದೂರಿನವನು ಎಂಬುದು ಉಲ್ಲಾಸನಿಗೆ ಗೊತ್ತಿರಲಿಲ್ಲ. ರತೀಶ ಕಿಟಕಿಯಿಂದ ಇಣುಕಿ ನೋಡಿ, ಹಾಡು ಶುರುವಾಗುವ ಮುಂಚೆಯೇ ದಿವ್ಯಾಳ ಕಿವಿಯಲ್ಲಿ ಒಂದು ಮಾತು ಹಾಕಿ ಹೋಗಿದ್ದ.

ಎರಡನೇ ಚರಣ ಮುಗಿಯಿತು. ಉಲ್ಲಾಸ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಕುಷ್ಟ ಮಾಮ ಇಸ್ತ್ರಿ ಅಂಗಿ ತೊಟ್ಟು, ಕಣ್ಣು ಅರೆಮುಚ್ಚಿ, ಸೊಂಟ ಓಲಾಡಿಸುತ್ತ ಬೆರಳಾಡಿಸಿದರು. ಕ್ಲಾರಿನೆಟ್ ಜೇನಿನಂತೆ ಇಳಿದು ಬಂತು. ಜನ ತಲೆದೂಗಿದರು. ಉಲ್ಲಾಸನಿಗೆ ತನ್ನ ಜಾಣತನವನ್ನು ತಾನೇ ಮೆಚ್ಚುವಷ್ಟು ಸಮಾಧಾನವಾಯಿತು.

ಆಗ ದಿವ್ಯಾ ತಿರುಗಿ, ಮೈಕಿನಲ್ಲೇ ಕೂಗಿದಳು. "ಹ್ವಾಯ್ ಕುಷ್ಟಣ್ಣ! ನಿಮ್ಗ್ ಚಾಯವಾ, ಕಾಪಿಯಾ?"

ಕುಷ್ಟ ಮಾಮ ಬಾಯಿಂದ ಕ್ಲಾರಿನೆಟ್ ತೆಗೆದು, "ಚಾಯ ಅಕ್ಕ್. ಸಕ್ರಿ ಒಂಚೂರ್ ಜಾಸ್ತಿ" ಎಂದರು.

ಕ್ಲಾರಿನೆಟ್ ತನ್ನ ಪಾಡಿಗೆ ಇಂಪಾಗಿ ನುಡಿಯುತ್ತಲೇ ಇತ್ತು.

ತಪ್ಪು ಹೊಳೆದು ಅವರು ಗಡಿಬಿಡಿಯಲ್ಲಿ ಅದನ್ನು ಮತ್ತೆ ಬಾಯಿಗಿಡುವಷ್ಟರಲ್ಲಿ ಲ್ಯಾಪ್‌ಟಾಪಿನ ನಾದ ನಿಂತಿತು. ಆ ಮೌನದಲ್ಲಿಯೂ ಮಾಮ ಬಲು ಶ್ರದ್ಧೆಯಿಂದ ಬೆರಳಾಡಿಸುತ್ತಲೇ ಇದ್ದರು. ಸಭೆಗೆ ಸಭೆಯೇ ನಕ್ಕಿತು. ಉಲ್ಲಾಸ ಸ್ಪೀಕರಿನ ಹಿಂದೆ ಜಾಗ ಹುಡುಕಿದ.

ದಿವ್ಯಾ ಬಿಡಲಿಲ್ಲ. ಕೈಹಿಡಿದು ಎಳೆದು ತಂದು, ಶಾಲನ್ನು ಅವನ ಹೆಗಲಿಗೇ ಹೊದಿಸಿದಳು. "ಉಸ್ರೇ ಎಳೀದೆ ಸುಳ್ಳ್ ಹೇಳ್ವವ್ರಿಗ್ ಈ ಸನ್ಮಾನ," ಎಂದಳು. ಮತ್ತೆ ಅವನಿಗೊಬ್ಬನಿಗೇ ಕೇಳುವಂತೆ, "ಇದೇ ಶಬ್ದ ನಿಮ್ ಚಿನ್ನದಂಗ್ಡಿ ಜಾಹೀರಾತಂಗೂ ಇತ್ತಲೆ ಉಲ್ಲಾಸಣ್ಣ. ಸುರೂ ಕೇಳ್ದಾಗ್ಳೇ ಗೊತ್ತಾಯ್ತ್" ಎಂದಳು.

ಕುಷ್ಟ ಮಾಮನ ಮುಖ ಬಾಡಿತು. "ಹಾಂಗಾರೆ ನಂಗೆಂತ ಇಲ್ಯಾ?"

"ಇತ್ತ್. ನೀವ್ ನಿಜಕ್ಕೂ ಊದಿರೆ."

ಹೀಗೆ ಕುಷ್ಟ ಮಾಮ ಬ್ರಹ್ಮಾವರದ ಮಹಡಿ ಹತ್ತಿದರು. ಉಲ್ಲಾಸ ಗೋಡೆಗೆ ಹಾಸಿಗೆ ಒರಗಿಸಿದ, ಮೈಕನ್ನು ಮೂಲೆಗೆ ತಳ್ಳಿದ, ಕಿಟಕಿಗೆ ಕಂಬಳಿ ಕಟ್ಟಿದ. ಏನು ಮಾಡಿದರೂ ಮಾಮ ಊದಿದರೆ ದಿಬ್ಬಣವೇ. ಕೆಳಗಿನ ಚಪ್ಪಲಿ ಅಂಗಡಿಯವನು ಮೇಲೆ ಬಂದು, "ಯಾರ್ ಮದಿ ಮಾರಾಯ್ರೆ?" ಎಂದು ಕೇಳಿಹೋದ. ದಿವ್ಯಾ, "ಮೆಲ್ಲ, ಕುಷ್ಟಣ್ಣ, ಮೆಲ್ಲ" ಎಂದು ಹೇಳಿ ಹೇಳಿ ಸೋತಳು.

ಮಧ್ಯಾಹ್ನ ಬಂಗಡೆ ಮೀನಿನ ಸಾರಿನಲ್ಲಿ ಕುಚ್ಚಿಗೆ ಅನ್ನ ಉಂಡು ಮಾಮ ಅಲ್ಲೇ ಹಾಸಿಗೆಗೆ ಒರಗಿದರು, ಗೊರಕೆಯೂ ಶುರುವಾಯಿತು. ದಿವ್ಯಾಳಿಗೆ ಏನು ಹೊಳೆಯಿತೋ, ಉಲ್ಲಾಸನಿಗೆ ಸನ್ನೆ ಮಾಡಿ, ಮೈಕನ್ನು ಮಾಮನ ಹತ್ತಿರಕ್ಕೇ ತಂದಿಟ್ಟಳು. ಮೆಲ್ಲಗೆ ಭುಜ ಮುಟ್ಟಿದಳು. "ಕುಷ್ಟಣ್ಣ, ಒಂದೇ ಸಲ."

ಮಾಮ ಪೂರ್ತಿ ಏಳಲಿಲ್ಲ. ನಿದ್ದೆಗಣ್ಣಲ್ಲೇ ಎದ್ದು ಕೂತು, ವಾದ್ಯ ತುಟಿಗಿಟ್ಟರು. ಕೆಳಗಿನ ಸ್ವರಗಳಲ್ಲಿ, ಬಿಸಿಯಾಗಿ, ಸೋಮಾರಿಯಾಗಿ ಸದ್ದು ಹೊರಟಿತು. ಸಾಲಿನ ನಡುವೆ ಮಾಮ ಸುಂಯ್ ಎಂದು ಉಸಿರೆಳೆದುಕೊಂಡರು, ಮತ್ತೆ ಊದಿದರು. ದಿವ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಉಲ್ಲಾಸನ ತೋಳಿನ ರೋಮ ಎದ್ದಿತು.

ಆಮೇಲೆ ಅವನು ರೂಢಿಯಂತೆ ಆ ಉಸಿರನ್ನು ರೆಕಾರ್ಡಿಂಗಿನಿಂದ ಕತ್ತರಿಸಲು ಹೋದಾಗ ದಿವ್ಯಾ ಅವನ ಕೈಗೆ ಪಟ್ಟನೆ ಒಂದು ಕೊಟ್ಟಳು.

ಹಾಡು ಈಗ ಕುಂದಾಪುರದ ರಿಕ್ಷಾಗಳಲ್ಲೂ ಕೇಳಿಸುತ್ತದೆ. ಬೈಂದೂರಿನ ಮೀನು ಮಾರ್ಕೆಟ್ಟಿನಲ್ಲಿ ಯಾರಾದರೂ ಮೊಬೈಲ್ ಕಿವಿಗೊತ್ತಿ, "ಕುಷ್ಟಣ್ಣ, ಇದ್ ನೀವಾ? ಇಷ್ಟ್ ಮೆಲ್ಲ?" ಎಂದರೆ ಮಾಮ ಸಿಟ್ಟಾಗುತ್ತಾರೆ.

"ನಿದ್ದಿಯಂಗ್ ಊದಿದ್ದ್ ಮಾರಾಯ್ರೆ ಅದ್! ಎಚ್ರ ಇದ್ದಿರೆ ಭಟ್ಕಳದವ್ರಿಗೂ ಕೇಳ್ತಿತ್ತ್!"