ವಾಚಿನ ಜೋಡಿಯ ಕಡಗ

ನೀಲಾಂಬಿಕಾ ಅವ್ವನ ಎಡಗೈಯನ್ನು ಶಾಲಿನೊಳಗೆ ತಳ್ಳುತ್ತಿದ್ದಳು. ಪಡಸಾಲೆಯ ಗೋಡೆಗೆ ಆನಿಸಿ ಪದ್ಮಾಸನ ಹಾಕಿಸಿ ಕೂರಿಸಿದ್ದ ಹೆಣ ಅದು. ತಳ್ಳಿದಷ್ಟೂ ಕೈ ಜಾರಿ ಹೊರಗೆ ಬರುತ್ತಿತ್ತು. ಬದುಕಿದ್ದಷ್ಟು ಕಾಲ ಯಾರೊಬ್ಬರ ಮಾತಿಗೂ ಎದುರಾಡದ ಹಾಲವ್ವ ಸತ್ತ ಮೇಲೆ ಹಟ ಕಲಿತಂತಿತ್ತು.

"ಅಕ್ಕಾ, ಅತ್ತಿ ಶಿಗ್ಗಾಂವ ದಾಟ್ಯಾಳಂತ," ಎಂದು ತಮ್ಮ ಮಾಲತೇಶ ಬಾಗಿಲಲ್ಲಿ ನಿಂತು ಹೇಳಿದ. "ಇನ್ನೇನ ಬಂದಬಿಡ್ತಾಳ."

"ಬರ್ಲಿ ಬಿಡು," ಎಂದಳು ನೀಲಾಂಬಿಕಾ. ಬಾಯಿ ಹಾಗೆ ಹೇಳಿತೇ ಹೊರತು ಕೈ ಮತ್ತೆ ಶಾಲಿನ ಅಂಚನ್ನೇ ಎಳೆಯುತ್ತಿತ್ತು.

ಅತ್ತಿ ಎಂದರೆ ಗುತ್ತೆವ್ವ, ತೀರಿಹೋದ ಅಪ್ಪನ ಅಕ್ಕ. ಕೊಟ್ಟ ಊರು ಹಂಸಭಾವಿ. ಆದರೆ ಹಿರೇಬೆಂಡಿಗೇರಿಯ ಈ ತವರುಮನೆಯಲ್ಲಿ ಹುಟ್ಟಲಿ ಸಾಯಲಿ, ಅವಳು ಬಂದು ನಿಂತಲ್ಲದೆ ಯಾವ ಕೆಲಸವೂ ಆರಂಭವಾಗುತ್ತಿರಲಿಲ್ಲ. ಹೆಣದ ಜಳಕವೂ ಅವಳ ಕೈಯಿಂದಲೇ ಆಗಬೇಕು. ಜಳಕಕ್ಕೆ ಮುಂಚೆ ಮೈಮೇಲಿನ ಒಡವೆಯನ್ನೆಲ್ಲ ತೆಗೆಯುವವಳೂ ಅವಳೇ.

ಹಾಲವ್ವನ ಎಡಗೈ ಮಣಿಕಟ್ಟಿನಲ್ಲಿ ತೆಳ್ಳನೆಯ ಬಂಗಾರ ಬಣ್ಣದ ವಾಚು ಇತ್ತು. ಬಿಳಿ ಮುಖ, ಕೂದಲೆಳೆಯಂಥ ಎರಡು ಮುಳ್ಳು, ಅಂಕಿ ಒಂದೂ ಇಲ್ಲ. ಅದಕ್ಕೆ ಅಂಟಿಕೊಂಡಂತೆ ಅದೇ ಬಣ್ಣದ ಒಂದೆಳೆಯ ಕಡಗ. ವಾಚಿನ ಮಾತು ಬಿಡಿ, ಅದಕ್ಕೊಂದು ನೆಪ ಹೇಳಬಹುದಿತ್ತು. ಕಡಗಕ್ಕೆ ಏನು ಹೇಳುವುದು? ಗಂಡ ಸತ್ತವರ ಕೈ ಬರಿದಾಗಿರಬೇಕು ಎನ್ನುವುದು ಈ ಮನೆಯ ಕಟ್ಟಳೆ. ಮುಚ್ಚಿಡೋಣವೆಂದರೆ ಅದೂ ಆಗದ ಮಾತು. ಜಳಕವಾದ ಮೇಲೆ ಲಿಂಗವಂತರ ಹೆಣದ ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ಊರಿನ ಕಣ್ಣೆಲ್ಲ ನೆಡುವುದು ಆ ಕೈಯ ಮೇಲೆಯೇ.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಹಾಲವ್ವ ಮಗಳನ್ನು ಹತ್ತಿರ ಕರೆದಿದ್ದಳು. "ಜಳಕಾ ಮಾಡ್ಸೂವಾಗ ಎಲ್ಲಾ ತಗೀತಾರ, ನೀಲಾ. ಇವೆರಡು ತಗಸಬ್ಯಾಡ. ಬರಿಗೈಲೆ ಕಳಸಬ್ಯಾಡ ನನ್ನ."

"ಆತ ಬೇ," ಎಂದು ನೀಲಾಂಬಿಕಾ ಮಾತು ಕೊಟ್ಟುಬಿಟ್ಟಿದ್ದಳು. ಕೊಡುವಾಗ ಅತ್ತಿಯ ಮುಖ ನೆನಪಾಗಿರಲಿಲ್ಲ. ಈಗ ಬೇರೇನೂ ನೆನಪಾಗುತ್ತಿರಲಿಲ್ಲ.

*

ನೀಲಾಂಬಿಕಾಳಿಗೆ ಶಿಗ್ಗಾಂವದ ಕಾಲೇಜಿನಲ್ಲಿ ಕೆಲಸ ಸಿಕ್ಕ ವರ್ಷ ತಾಯಿ ಮಗಳು ಸವಣೂರಿನ ಮುನವ್ವರಾಳ ಅಂಗಡಿಗೆ ಹೋಗಿದ್ದರು. ಕೊಳ್ಳಬೇಕಾಗಿದ್ದು ಮಗಳಿಗೆ.

ಮುನವ್ವರಾಳ ಮಾವನ ಕಾಲಕ್ಕೆ ಅದು ಬಳೆ ಅಂಗಡಿ. ಈಗ ಗಾಜಿನ ಬಳೆ ಹಿಂದಿನ ಗೋಡೆಗೆ ಸರಿದು, ಮುಂದಿನ ಕಪಾಟಿಗೆ ತೆಳು ವಾಚುಗಳು ಬಂದಿದ್ದವು. ಪಕ್ಕದಲ್ಲಿ ಅವುಗಳ ಬಣ್ಣಕ್ಕೇ ಹೊಂದುವ ಕಡಗ, ನೂಲಿನಂಥ ಸರ, ಸಾಸಿವೆ ಕಾಳಿನಷ್ಟು ಕಿವಿಯೋಲೆ. ಕಾಲೇಜು ಹುಡುಗಿಯರು ಕೇಳುತ್ತಿದ್ದುದು ಇವನ್ನೇ: ದಿನಾ ಹಾಕಿಕೊಳ್ಳುವಂತಿರಬೇಕು, ಕಣ್ಣಿಗೆ ಹೊಡೆಯಬಾರದು, ಸಪ್ಪಳ ಮಾಡಬಾರದು.

ಮಗಳು ಆರಿಸುತ್ತಿದ್ದರೆ ಹಾಲವ್ವ ಒಂದೇ ಡಬ್ಬಿಯನ್ನು ನೋಡುತ್ತ ನಿಂತಿದ್ದಳು. ಹೆಂಗಸರ ಕೈಯನ್ನು ನೋಡಿಯೇ ಸಂಸಾರ ಸಾಗಿಸಿದ ಮುನವ್ವರಾಳಿಗೆ ಅದು ಕಾಣದೆ ಹೋದೀತೆ? ಆ ಡಬ್ಬಿ ತೆಗೆದು ಮುಂದಿಟ್ಟಳು.

"ಇದರಾಗ ಅಂಕೀನ ಇಲ್ಲಲ್ಲವಾ," ಎಂದಳು ಹಾಲವ್ವ. "ಹೊತ್ತ ಹೆಂಗ ನೋಡೂದು?"

"ಈಗ ಹಿಂಗ ಬರ್ತಾವ್ರಿ ಅಕ್ಕಾರ. ಒಮ್ಮಿ ಹಾಕ್ಕೊಂಡು ನೋಡ್ರಿ. ವಾಚಿಗೆ ಯಾರೇನಂತಾರ?"

ವಾಚು ಕೈಗೇರಿತು. ಮುನವ್ವರಾ ಕಡಗವನ್ನೂ ಎತ್ತಿದಾಗ ಹಾಲವ್ವ ಕೈ ಹಿಂದಕ್ಕೆ ಎಳೆದುಕೊಂಡಳು. "ಅದ ಬ್ಯಾಡ. ನಾ ಬಳಿ ಹಾಕೂದಿಲ್ಲ."

"ಬಳಿ ಅಲ್ಲರಿ ಇದು, ವಾಚಿನ ಜೋಡಿ. ಒಂದ ಡಬ್ಬಿಯೊಳಗ ಬಂದೈತಿ, ಬಿಡಿಸಿ ಕೊಡಾಕ ಬರೂದಿಲ್ಲ."

ಹಸೀ ಸುಳ್ಳು. ಬೆಳಗಿನಿಂದ ಬಿಡಿಸಿಯೇ ಮಾರುತ್ತಿದ್ದಳು. ಹಾಲವ್ವನಿಗೂ ಅದು ಗೊತ್ತಾಗಿರಬೇಕು. ಆದರೂ ಅವಳ ಮುಖ ಹಗುರಾಯಿತು. "ಹಂಗಾರ ಏನ ಮಾಡಾಕ ಬರ್ತೈತಿ," ಎಂದು ತಾನೇ ಕೈ ಮುಂದೆ ಚಾಚಿದಳು.

ಹಾಲವ್ವನ ದುಡಿಮೆ ಬೀಜಕ್ಕೆಂದೇ ಬೆಳೆಯುವ ಹತ್ತಿಯ ಹೊಲದಲ್ಲಿ. ಹೂವಿಗೆ ಹೂವು ಮುಟ್ಟಿಸಿ ಕ್ರಾಸಿಂಗ್ ಮಾಡುವ ಹೆಣ್ಣಾಳುಗಳಿಗೆ ಅವಳೇ ಮುಂದಾಳು. ಆ ಕೆಲಸದಲ್ಲೇ ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದ್ದಳು. "ಬಿಸಲ ಏರೂದರೊಳಗ ಹೂವ ಮುಟ್ಟಸಬೇಕ ನೋಡವಾ, ವಾಚ ಬೇಕ ಬೇಕು," ಎಂದು ಕೇಳದವರಿಗೂ ಹೇಳಿಕೊಂಡು ತಿರುಗಿದಳು. ನೆರಳು ನೋಡಿ ಹೊತ್ತು ಹೇಳುವ ಹೆಂಗಸಿಗೆ ಅಂಕಿಯಿಲ್ಲದ ವಾಚು! ಗಿಡಗಳ ನಡುವೆ ನಿಂತು ಅವಳು ಆಗಾಗ ಮಣಿಕಟ್ಟು ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ನೋಡುತ್ತಿದ್ದುದು ಹೊತ್ತನ್ನಲ್ಲ, ತನ್ನ ಕೈಯನ್ನು.

ಗುತ್ತೆವ್ವ ಬಂದ ದಿನ ಮಾತ್ರ ಆ ಕೈ ಸೆರಗಿನೊಳಗೆ ಸೇರಿಬಿಡುತ್ತಿತ್ತು. ಹಾಲವ್ವನ ಬಳೆ ಒಡೆದವಳು ಅವಳೇ ಅಲ್ಲವೇ. ಅಪ್ಪ ಕಾಮಾಲೆಯಾಗಿ ಸತ್ತಾಗ ನೀಲಾಂಬಿಕಾ ಸಣ್ಣವಳು. ಆದರೂ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಅವ್ವನ ಎರಡೂ ಕೈಗಳನ್ನು ಇರಿಸಿಕೊಂಡು ಕೂತ ಅತ್ತಿಯನ್ನು ಅವಳು ಮರೆತಿರಲಿಲ್ಲ. ಅತ್ತಿಯ ಕೈಯೂ ಆಗಲೇ ಬರಿದಾಗಿತ್ತು.

*

ಗುತ್ತೆವ್ವ ಬಂದಳು. ಹಾಡಿಕೊಂಡು ಅಳಲಿಲ್ಲ. ಹಾಲವ್ವನ ಪಾದದ ಹತ್ತಿರ ಕೂತು ಜಾರಿದ್ದ ಶಾಲಿನ ಅಂಚನ್ನು ಸರಿಮಾಡಿದಳು. ಆಮೇಲೆ ಮೂಗು ಒರೆಸಿಕೊಂಡು ಎದ್ದು, "ನೀರ ಕಾದಾವೇನ?" ಎಂದಳು.

ಹಿತ್ತಲಲ್ಲಿ ಸೀರೆ ಮರೆ ಕಟ್ಟಿ ಹಾಲವ್ವನನ್ನು ಮಣೆಯ ಮೇಲೆ ಕೂರಿಸಿದರು. ಗುತ್ತೆವ್ವ ಶಾಲು ತೆಗೆದಳು. ಎಡಗೈ ಕಂಡಿತು. ನೀಲಾಂಬಿಕಾ ತಂಬಿಗೆ ಹಿಡಿದು ಎದುರಿಗೆ ನಿಂತಿದ್ದಳು. ಗುತ್ತೆವ್ವ ಆ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ವಾಚಿನ ಕೊಂಡಿಗೆ ಉಗುರು ಹಾಕಿದಳು.

"ಅತ್ತೀ, ಅದನ್ನ ತಗೀಬ್ಯಾಡ್ರಿ."

ಹೇಳಿದವಳು ತಾನೇ ಎಂದು ನೀಲಾಂಬಿಕಾಳಿಗೇ ನಂಬಿಕೆಯಾಗಲಿಲ್ಲ. ಹುಟ್ಟಿದಾಗಿನಿಂದ ಅತ್ತಿಯ ಮುಂದೆ ಬ್ಯಾಡ ಎಂದವಳಲ್ಲ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲೂ ಆಗಲಿಲ್ಲ. "ಅವ್ವಗ ಮಾತ ಕೊಟ್ಟೇನಿ. ನೀವು ಬೈದ್ರೂ ಅಷ್ಟ, ಹೊಡದ್ರೂ ಅಷ್ಟ. ಬರಿಗೈಲೆ ಕಳಸೂದಿಲ್ಲ ನಾ."

ಗುತ್ತೆವ್ವ ತಲೆ ಎತ್ತಲಿಲ್ಲ. ಕೊಂಡಿ ಬಿಚ್ಚಿ ವಾಚನ್ನು ತೆಗೆದಳು, ಕಡಗವನ್ನೂ ಸರಿಸಿ ತೆಗೆದಳು. ಮುಗಿಯಿತು ಎಂದುಕೊಂಡಳು ನೀಲಾಂಬಿಕಾ.

"ನೀರ ಹೊಕ್ಕರ ಕೆಡತೈತಿ ಇದು," ಎಂದಳು ಗುತ್ತೆವ್ವ. ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡಳು. "ಜಳಕಾ ಆದ ಮ್ಯಾಲ ಹಾಕೂಣಂತ. ನೀರ ಹಾಕು."

ನೀಲಾಂಬಿಕಾ ತಂಬಿಗೆ ಹಿಡಿದು ಹಾಗೆಯೇ ನಿಂತಳು. ಮಣ್ಣಿಗೆ ಹೋಗುವ ವಾಚು ನೀರಿಗೆ ಕೆಡಬಾರದಂತೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ನಾ ಬಂದಾಗೆಲ್ಲಾ ಸೆರಗಿನ್ಯಾಗ ಕೈ ಮುಚಗೊಂಡು ಒಂದ ಕೈಲೆ ಬಡಸ್ತಿದ್ಲು. ಸಾರ ಚೆಲ್ಲಿ ಎಷ್ಟ ಸಲ ನನ್ನ ಸೀರಿ ಹಾಳ ಮಾಡ್ಯಾಳ. ನಾ ಏನ ಕುರುಡಿ ಏನ?" ಗುತ್ತೆವ್ವ ಹಾಲವ್ವನ ಬೆನ್ನಿಗೆ ನೀರು ಹೊಯ್ಯುತ್ತ ಅಂಗೈಯಿಂದ ಮೆಲ್ಲಗೆ ತಿಕ್ಕಿದಳು.

"ಮತ್ತ ಕೇಳಲೇ ಇಲ್ಲಲ್ಲರಿ."

"ಕೇಳಿದ್ರ ತಗದಿಡತಿದ್ಲು. ಅದಕ್ಕ ಕೇಳಲಿಲ್ಲ."

*

ಗದ್ದುಗೆ ಸಿದ್ಧವಾಯಿತು. ವಿಭೂತಿ ಧರಿಸಿ, ಹಸಿರು ಇಳಕಲ್ ಸೀರೆಯುಟ್ಟು ಹಾಲವ್ವ ಕೂತಿದ್ದಳು. ಗುತ್ತೆವ್ವ ಗಂಟು ಬಿಚ್ಚಿ ಕಡಗ ತೊಡಿಸಲು ನೋಡಿದಳು. ಕೈ ಬಿಗಿದಿತ್ತು, ಬೆರಳ ಗಂಟಿನ ಹತ್ತಿರವೇ ಅದು ನಿಂತುಬಿಟ್ಟಿತು. ಆಗ ಅವಳ ಕಣ್ಣು ಸವಣೂರಿನಿಂದ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದ ಮುನವ್ವರಾಳ ಮೇಲೆ ಬಿತ್ತು. ಅಂಗಡಿಯಲ್ಲಿ ಅವ್ವನ ಕೈ ಹಿಡಿದು ಇವನ್ನು ತೊಡಿಸಿದವಳು ಅವಳೇ ಎಂದು ನೀಲಾಂಬಿಕಾ ಅತ್ತಿಯ ಕಿವಿಯಲ್ಲಿ ಹೇಳಿದಳು.

"ಅಂಗಡ್ಯಾಕಿ ನೀನ ಅಲ್ಲೇನ? ಬಾ, ನೀನ ಹಾಕು."

ಮುನವ್ವರಾ ಅನುಮಾನಿಸಿದಳು. "ನಾ ಮುಟ್ಟಿದ್ರ ನಡೀತೈತೇನ್ರಿ?"

"ಕೈ ಹಿಡದು ಹಾಕ್ಸಿದಾಕಿ ಈಗ ಕೇಳಾಕತ್ತೀಯೇನ. ಬಾ."

ಮುನವ್ವರಾ ಚಪ್ಪಲಿ ಬಿಟ್ಟು ಬಂದು ಕೂತಳು. ಬಳೆ ತೊಡಿಸುವವರು ಹಿಡಿಯುವ ಹಾಗೆ ನಾಲ್ಕೂ ಬೆರಳನ್ನು ಒಟ್ಟು ಮಾಡಿ, ಹೆಬ್ಬೆರಳ ಬುಡವನ್ನು ಒತ್ತಿ, ಮಾತಾಡಿಸುತ್ತ ತೊಡಿಸಿದಳು. "ಸ್ವಲ್ಪ ತಡೀರಿ ಅಕ್ಕಾರ, ಆತು, ಆತು." ಕಡಗ ಏರಿತು. ವಾಚಿನ ಕೊಂಡಿಯೂ ಬಿತ್ತು.

ದೊಡ್ಡಪ್ಪ ಬಸವಣ್ಣೆಪ್ಪನಿಗೆ ಮನಸ್ಸು ಒಪ್ಪಲಿಲ್ಲ. "ನಡಿಯೂ ವಾಚ ಮಣ್ಣಾಗ ಯಾಕ ಹಾಕ್ತೀರಿ? ಮತ್ತ ಆ ಕಡಗ..." ಎಂದು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರ ಮುಖ ನೋಡಿದ.

ಅಯ್ಯನವರು ಲಿಂಗವನ್ನು ಹಾಲವ್ವನ ಅಂಗೈಯಲ್ಲಿ ಇಡುತ್ತಿದ್ದರು. "ಅಂಗೈಯಾಗ ಲಿಂಗ ಇದ್ರ ನನ್ನ ಕೆಲಸಾತು," ಎಂದರು. "ಮಣಿಕಟ್ಟಿನ ವಿಚಾರ ಗುತ್ತೆವ್ವನ್ನ ಕೇಳ್ರಿ."

ಗುತ್ತೆವ್ವನನ್ನು ಕೇಳುವ ಧೈರ್ಯ ಬಸವಣ್ಣೆಪ್ಪನಿಗೆ ಎಲ್ಲಿಂದ ಬರಬೇಕು? ಅವನು ರುಮಾಲು ಸರಿಮಾಡಿಕೊಂಡು ಭಜನೆಯವರ ಕಡೆಗೆ ಹೋದ. ನೀಲಾಂಬಿಕಾ ಬೆಳಗಿನಿಂದ ಮೊದಲ ಸಲ ಒಂದು ಲೋಟ ಚಹಾ ಕುಡಿದಳು.

ಹೊಲದ ಬದುವಿನಲ್ಲಿ ಗುಂಡಿ ತೆಗೆದಿದ್ದರು. ಹತ್ತಿ ಹೂ ಬಿಟ್ಟಿತ್ತು. ಹಾಲವ್ವನ ಜೊತೆ ದುಡಿದ ಹೆಣ್ಣಾಳುಗಳೆಲ್ಲ ಸುತ್ತ ನಿಂತಿದ್ದರು. ಗುಂಡಿಗೆ ಇಳಿದಿದ್ದ ಮಾಲತೇಶ ಅವ್ವನನ್ನು ಕೂರಿಸಿ ಮೇಲೆ ನೋಡಿದ. ನಾಲ್ಕೂ ಕಡೆಯಿಂದ ಬಗ್ಗಿದ ಮುಖಗಳನ್ನು ಕಂಡು ಸಂಕೋಚವಾಯಿತೇನೋ, ಸೆರಗನ್ನು ಎಳೆದು ಎಡಗೈಯ ಮೇಲೆ ಹೊದಿಸಿದ.

"ಮಾಲತೇಶಾ, ಸೆರಗ ಸರಸು," ಎಂದಳು ಗುತ್ತೆವ್ವ.

"ಮಂದಿ ನೋಡಾಕತ್ತಾರ ಅತ್ತಿ."

"ಅದಕ್ಕ ಸರಸ ಅಂದೆ."

ಅವನು ಸೆರಗನ್ನು ಮೊಣಕೈವರೆಗೆ ಸರಿಸಿದ. ಬಿಸಿಲು ನೇರ ಗುಂಡಿಯೊಳಗೆ ಬೀಳುತ್ತಿತ್ತು. ಮಣ್ಣಿನ ಬುಟ್ಟಿ ಎತ್ತಿದವರು ಎತ್ತಿಕೊಂಡೇ ನಿಂತರು. ಗುತ್ತೆವ್ವ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ತನ್ನ ಬರಿಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಕೆಳಗಿನ ಆ ಕೈಯನ್ನು ಕಣ್ತುಂಬ ನೋಡಿದಳು.