ಕಾಂತದ ಕೋಣೆಯ ಹೊರಗಿಟ್ಟ ಲಿಂಗ

ಮಸ್ಕಿಯ ಮನೆಯ ಪಡಸಾಲೆಯಲ್ಲಿ ಶೈಲಜಾಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ಮೇಲೆ ವಿಭೂತಿ ಇತ್ತು, ಕೊರಳು ಬರಿದಾಗಿತ್ತು. ಇಷ್ಟಲಿಂಗವಿಲ್ಲದೆ ಮಗಳನ್ನು ಮಣ್ಣಿಗಿಡುವುದು ಹೇಗೆಂದು ತಂದೆ ಕರಿಬಸಪ್ಪನವರು ಹೊಸ್ತಿಲಲ್ಲೇ ಕುಸಿದು ಕೂತಿದ್ದರು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಜ್ವರ ನೆತ್ತಿಗೇರಿ ಬಿದ್ದವಳು ಆಸ್ಪತ್ರೆಯಿಂದ ಎದ್ದು ಬರಲಿಲ್ಲ.

ಮಧ್ಯಾಹ್ನ, ಅವಳ ಜೊತೆ ಕೆಲಸ ಮಾಡುತ್ತಿದ್ದ ಸಿಂಧನೂರಿನ ಭಾರತಿ ಬಂದಳು. ವಸ್ತ್ರದಲ್ಲಿ ಸುತ್ತಿದ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಎರಡೂ ಕೈಯಿಂದ ಕೊಟ್ಟಳು. ಕೊರಳಲ್ಲಿರಬೇಕಾದ ಲಿಂಗ ನಿನ್ನ ಕೈಗೆ ಹೇಗೆ ಬಂತೆಂದು ಕರಿಬಸಪ್ಪನವರು ಕೇಳಿದರು.

ಭಾರತಿ ತಿಳಿಸಿ ಹೇಳಿದಳು. ತೀರ ತಣ್ಣಗಾಗಿಸಿದ ಎರಡು ಲೋಹದ ಪದರಗಳ ನಡುವೆ ಅಯಸ್ಕಾಂತದ ಪದರವಿಟ್ಟು ಅವರು ಕರೆಂಟು ಹರಿಸುತ್ತಿದ್ದರು. ಆ ಚಳಿಯಲ್ಲಿ ವಿದ್ಯುತ್ತಿನ ಕಣಗಳು ಜೋಡಿಜೋಡಿಯಾಗಿ, ಯಾವ ತಡೆಯೂ ಇಲ್ಲದೆ ಸಾಗುತ್ತವೆ. ಜೋಡಿಯಲ್ಲಿ ಒಂದರ ಮುಖ ಮೇಲಕ್ಕಾದರೆ ಇನ್ನೊಂದರದು ಕೆಳಕ್ಕೆ. ಕಾಂತ ಎರಡನ್ನೂ ಒಂದೇ ಕಡೆ ಎಳೆಯುತ್ತದೆ, ಜೋಡಿ ಒಡೆಯುತ್ತದೆ. ಬೇರೆ ದಿಕ್ಕಿಗೆ ತಿರುಗಿದ ಇನ್ನಷ್ಟು ಕಾಂತವನ್ನು ಅಕ್ಕಪಕ್ಕ ಇಟ್ಟರೆ, ಎರಡೂ ಒಂದೇ ಕಡೆ ಮುಖಮಾಡಿಯೂ ಜೋಡಿಯಾಗಿ ಕಾಂತವನ್ನು ದಾಟಬಲ್ಲವೆಂಬುದನ್ನು ಶೈಲಜಾ ತೋರಿಸಬೇಕಿತ್ತು. ಹತ್ತಿರ ಉಕ್ಕಿನ ವಸ್ತುವಿದ್ದರೆ ಅಳತೆಯೇ ಕೆಡುತ್ತಿತ್ತು.

“ಲಿಂಗದ ಸರಪಳಿ ಉಕ್ಕಿಂದಿತ್ತು, ಕಾಕಾ. ದಿನಾ ಬಾಗಿಲ ಹೊರಗ ಬಿಚ್ಚಿ ಇಡ್ತಿದ್ಲು. ಹೊರಗ ಬಂದಕೂಡ್ಲೆ ಕೈ ತೊಳಕಂಡು ಹಾಕ್ಯಂತಿದ್ಲು. ಅವತ್ತು ಒಳಗ ಬಿದ್ಲು, ಇದು ಹೊರಗೇ ಉಳೀತು.”

ನೂಲಿನ ಶಿವದಾರ ಹರಿದು ಲಿಂಗ ಬಿದ್ದೀತೆಂದು ಹೆದರಿ, ಲಿಂಗಸುಗೂರಿನಲ್ಲಿ ಉಕ್ಕಿನ ಸರಪಳಿ ಹಾಕಿಸಿದವರು ಕರಿಬಸಪ್ಪನವರೇ.

“ನೂಲಿಂದ ಇದ್ದಿದ್ರ?”

“ಕೊಳ್ಳಾಗೇ ಇರ್ತಿತ್ತು ರೀ. ಬದಲು ಮಾಡಬೇ ಅಂದ್ರ, ಅಪ್ಪ ಹಾಕ್ಸ್ಯಾನ, ತಗಿಯಂಗಿಲ್ಲ ಅಂತಿದ್ಲು.”

ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕರಡಿಗೆಯನ್ನು ಮುಟ್ಟಲಿಲ್ಲ.

“ಮೈ ಬಿಟ್ಟ ಲಿಂಗ ಆಕಿದಲ್ಲ, ಕರಿಬಸಪ್ಪ. ಹೊಸಾದು ತಂದೀನಿ. ಅದನ್ನ ಹೊಳಿಗೆ ಬಿಡು.”

ಅದು ಯಾವ ಜಾತಿಯವರ ಕೈಯಿಂದ ಬಂತೆಂಬುದನ್ನೂ ನೋಡಬೇಕೆಂದು ಹಿಂದಿನಿಂದ ಒಬ್ಬರು ಗೊಣಗಿದರು. ಭಾರತಿ ತಲೆ ತಗ್ಗಿಸಿ ಅಂಗಳಕ್ಕಿಳಿದಳು. ಕರಿಬಸಪ್ಪನವರು ಕರಡಿಗೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಮಂದಿಯ ಮನೆಗಳಲ್ಲಿ ಇದೇ ಕಟ್ಟಳೆಯನ್ನು ಗಟ್ಟಿಯಾಗಿ ಹೇಳಿ, ಹೆತ್ತವರನ್ನು ಸುಮ್ಮನಾಗಿಸಿದವರು ಅವರು.

ಸ್ಮಶಾನದಲ್ಲಿ, ಕುಣಿಯಿಂದ ದೂರ ನಿಂತಿದ್ದ ಭಾರತಿಯ ಬಳಿಗೆ ಅವರೇ ಹೋದರು.

“ದಾಟಿದ್ವೇನವ್ವ, ಆ ಜೋಡಿ?”

“ದಾಟಿದ್ವು ರೀ. ಆಕಿ ಬೀಳೂ ಹಿಂದಿನ ದಿನ.”

ಅಯ್ಯನವರು ಹೊಸ ಲಿಂಗವನ್ನು ಶೈಲಜಾಳ ಎಡಗೈಯಲ್ಲಿಟ್ಟು ಬೆರಳು ಮಡಿಸಿದರು. ಅದು ಅವಳ ಪೂಜೆಯನ್ನು ಒಂದು ದಿನವೂ ಕಂಡಿರಲಿಲ್ಲ. ಕಂಡ ಲಿಂಗ ತಂದೆಯ ಅಂಗಿಯ ಜೇಬಿನಲ್ಲಿ ಭಾರವಾಗಿತ್ತು. ಮಣ್ಣು ಹಾಕಲು ಮನೆಯ ಯಜಮಾನ ಹೇಳಬೇಕು. ಮಂದಿ ಅವರ ಮುಖ ನೋಡುತ್ತ ನಿಂತರು.

ಹಾಕ್ರಿ ಎಂದರು ಕರಿಬಸಪ್ಪನವರು.