ಮೇಷ್ಟ್ರು ನುಡಿಸದ ಸ್ವರ

ಮುಂದೆ ಎಲ್ಲರಿಗೂ ಮೇಷ್ಟ್ರಾದವರ ಸ್ಯಾಕ್ಸೋಫೋನ್ ಹೋಟೆಲಿನ ಮೆಟ್ಟಿಲಿಂದ ಉರುಳಿದ್ದು ಅವರ ಮದುವೆಗೂ ಮೊದಲು. ಉರುಳಿದ ಹೊಡೆತಕ್ಕೆ ಎಲ್ಲಕ್ಕಿಂತ ತಗ್ಗಿನ ಸ್ವರದ ಮುಚ್ಚಳ ಸೊಟ್ಟಗಾಯಿತು. ಆ ಸ್ವರ ಊದಿದರೆ ಬರೀ ಗಾಳಿ. ರಿಪೇರಿಯವನು ಒಂದು ತಿಂಗಳು ಬಿಟ್ಟುಹೋಗಿ ಅಂದ. ದಿನಾ ಸಂಜೆ ಆ ಹೋಟೆಲಿನಲ್ಲಿ ಜಾಝ್ ನುಡಿಸುವುದೇ ಹೊಟ್ಟೆಪಾಡಾಗಿರುವಾಗ ವಾದ್ಯ ಬಿಟ್ಟುಹೋಗುವುದು ಹೇಗೆ? ಆ ಸ್ವರದ ಜಾಗ ಬಂದಾಗ ಊದುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಮುಂದಿನ ಸ್ವರಕ್ಕೆ ಕಾಯತೊಡಗಿದರು. ಕಣ್ಣು ಮುಚ್ಚಿದ್ದು ನಾಚಿಕೆಗೆ.

ಒಬ್ಬ ವಿಮರ್ಶಕ ಅದನ್ನು ಮಹಾಮೌನ ಎಂದು ಬರೆದುಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು, ಕುಣಿತಕ್ಕೆ ಹೆಸರು ಬಂತು. ರೆಕಾರ್ಡುಗಳು ಬಂದವು, ಸಂಗೀತ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಇನ್ನು ರಿಪೇರಿಯ ಮಾತೆಲ್ಲಿ? ಶಿಷ್ಯರು ನೆಟ್ಟಗಿದ್ದ ವಾದ್ಯಗಳಲ್ಲೂ ಅದೇ ಜಾಗಕ್ಕೆ ಬಂದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮೇಷ್ಟ್ರು ತಲೆದೂಗುತ್ತಿದ್ದರು. ಬೇರೇನು ಮಾಡಿಯಾರು?

ನಿವೃತ್ತಿಯ ದಿನ ಶಿಷ್ಯರೆಲ್ಲ ಸೇರಿ ಹೊಸ ಸ್ಯಾಕ್ಸೋಫೋನ್ ಕೊಟ್ಟು, ವೇದಿಕೆಯಲ್ಲೇ ನುಡಿಸಬೇಕೆಂದು ದುಂಬಾಲು ಬಿದ್ದರು. ಮೇಷ್ಟ್ರು ಬೆವತುಹೋದರು. ಆ ಸ್ವರ ನುಡಿಸಿದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಬಿಟ್ಟರೆ, ಇನ್ನು ವಾದ್ಯದ ಮೇಲೆ ತಪ್ಪು ಹೊರಿಸುವಂತಿಲ್ಲ.

ಜಾಗ ಬಂತು. ಕಣ್ಣು ಮುಚ್ಚಿದರು. ಕಿರುಬೆರಳು ಯಾರ ಮಾತೂ ಕೇಳದೆ ಕೀಲಿ ಒತ್ತಿಬಿಟ್ಟಿತು. ಎದೆಗೂಡು ನಡುಗಿಸುವಂಥ ದಪ್ಪನೆಯ ಸ್ವರ ಸಭಾಂಗಣವನ್ನೆಲ್ಲ ತುಂಬಿತು. ಸಂತೋಷ ತಡೆಯಲಾರದೆ ಮೇಷ್ಟ್ರು ಅದನ್ನೇ ಮತ್ತೆ ಮತ್ತೆ ಊದಿದರು.

ಶಿಷ್ಯರು ಮುಖ ಮುಖ ನೋಡಿಕೊಂಡರು. ವಯಸ್ಸಾಯಿತು ಪಾಪ, ಎಂದು ಪ್ರಿನ್ಸಿಪಾಲರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲೂ ಕೇಳಿಸಿತು. ಚಪ್ಪಾಳೆ ಮರ್ಯಾದೆಗೆ ಎಷ್ಟು ಬೇಕೋ ಅಷ್ಟಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಕೂತಳು. ಮರ್ಯಾದೆ ಹೋಯಿತೆಂದು ಆಕೆಗೆ ಬೇಸರವಾಗಿರಬೇಕು ಎಂದುಕೊಂಡರು ಮೇಷ್ಟ್ರು. ತಿರುಗಿ ನೋಡಿದರೆ ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಷ್ಟು ಚೆನ್ನಾಗಿರೋದನ್ನ ನನಗೆ ಒಂದು ದಿನಾನೂ ಯಾಕ್ರೀ ಕೇಳಿಸ್ಲಿಲ್ಲ?"

"ರಿಪೇರಿಗೆ ಬಿಡೋಕೆ ಪುರುಸೊತ್ತಾಗ್ಲಿಲ್ಲ ಕಣೇ," ಅಂದರು ಮೇಷ್ಟ್ರು.

ಹೆಸರು ಬರುವವರೆಗೆ ಅದು ನಿಜವೇ ಆಗಿತ್ತು.